ಹಕಾರದ ನಂತರ ಳಕಾರ: ಕನ್ನಡ ಪಟ್ಟಿಗಳನ್ನು ಜೋಡಿಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ತಂತ್ರಾಂಶ ಬರೆಯುವವರಿಗೆ. ಪದಕೋಶ, ಗ್ರಂಥಸೂಚಿ, ಹಾಜರಿ ಪಟ್ಟಿ, ಸದಸ್ಯರ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ಎಲ್ಲರಿಗೆ



ಎರಡು ಪದಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ಹೇಳುವ ಸೌಲಭ್ಯ ಎಲ್ಲ ತಂತ್ರಾಂಶಗಳಲ್ಲಿ ಇರುವುದಿಲ್ಲ. ಕೆಲವು ತಂತ್ರಾಂಶಗಳಿಗೆ ಸಂಖ್ಯೆಗಳನ್ನು ಹೋಲಿಸಲು ಬರುತ್ತದೆ, ಪದಗಳನ್ನು ಹೋಲಿಸಲು ಬರುವುದಿಲ್ಲ. ಇನ್ನು ಕೆಲವು ಪದಗಳನ್ನು ಹೋಲಿಸುತ್ತವೆ, ಆದರೆ ಆ ಹೋಲಿಕೆಗೆ ಕನ್ನಡದ ಅಕಾರಾದಿ ಗೊತ್ತಿರುವುದಿಲ್ಲ. ಎರಡೂ ಕಡೆ ಪರಿಹಾರ ಒಂದೇ: ವರ್ಣಮಾಲೆಯ ಕ್ರಮವನ್ನು ಒಂದು ಕೋಷ್ಟಕವಾಗಿ ಬರೆದು ಯಂತ್ರದ ಕೈಗೆ ಕೊಡುವುದು. ಆ ಕೋಷ್ಟಕಕ್ಕೆ 66 ಸಾಲು ಸಾಕು.

ಮೊದಲಿಗೆ ಇಂಥ ತಂತ್ರಾಂಶಗಳು ಯಾವುವು ಎಂಬುದು. 1966ರ ಫೋರ್ಟ್ರಾನ್ ಭಾಷೆಯಲ್ಲಿ ಅಕ್ಷರಗಳಿಗೆಂದೇ ಪ್ರತ್ಯೇಕ ದತ್ತಾಂಶ ಪ್ರಕಾರ ಇರಲಿಲ್ಲ. ಹೆಸರುಗಳನ್ನು ಸಂಖ್ಯೆಗಳ ಪೆಟ್ಟಿಗೆಯೊಳಗೆ ತುಂಬಿ, ಸಂಖ್ಯೆಗಳೆಂದೇ ಹೋಲಿಸಿ ಜೋಡಿಸುತ್ತಿದ್ದರು. ಅಕ್ಷರ ಪ್ರಕಾರ ಬಂದದ್ದು ಫೋರ್ಟ್ರಾನ್ 77ರಲ್ಲಿ. ಪುಸ್ತಕ ಅಚ್ಚುಜೋಡಣೆಗೆ ಇಂದಿಗೂ ಬಳಕೆಯಲ್ಲಿರುವ ಟೆಕ್ ಭಾಷೆಯ ಮೂಲರೂಪದಲ್ಲಿ ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಕೇಳಬಹುದು, ಎರಡು ತುಣುಕುಗಳು ಒಂದೇ ಆಗಿವೆಯೇ ಎಂದೂ ಕೇಳಬಹುದು. ಎರಡು ಪದಗಳಲ್ಲಿ ಯಾವುದು ಮೊದಲು ಎಂದು ಕೇಳುವ ಆಜ್ಞೆ ಇಲ್ಲ. ಆದ್ದರಿಂದಲೇ ಪದಸೂಚಿ ಜೋಡಿಸುವ ಕೆಲಸ ಮೇಕ್‌ಇಂಡೆಕ್ಸ್‌ನಂಥ ಹೊರಗಿನ ತಂತ್ರಾಂಶದ ಪಾಲಿಗೆ ಹೋಯಿತು. 1999ರ ಎಕ್ಸ್‌ಪಾತ್ 1.0ರಲ್ಲಿ 'ಚಿಕ್ಕದು', 'ದೊಡ್ಡದು' ಎಂಬ ಚಿಹ್ನೆಗಳು ಎರಡೂ ಬದಿಯ ಪದಗಳನ್ನು ಸಂಖ್ಯೆಯಾಗಿ ಮಾರ್ಪಡಿಸಲು ನೋಡುತ್ತವೆ. 'ಕ' ಸಂಖ್ಯೆಯಲ್ಲ, 'ಖ' ಸಂಖ್ಯೆಯಲ್ಲ. ಹಾಗಾಗಿ ಕ ಖ-ಗಿಂತ ಚಿಕ್ಕದೇ ಎಂದರೂ ಅಲ್ಲ, ಖ ಕ-ಗಿಂತ ಚಿಕ್ಕದೇ ಎಂದರೂ ಅಲ್ಲ ಎಂಬ ಉತ್ತರವೇ ಬರುತ್ತದೆ. ಪದ ಹೋಲಿಸುವ ಸೌಲಭ್ಯ ಅಲ್ಲಿಗೆ ಬಂದದ್ದು 2007ರ ಎರಡನೆಯ ಆವೃತ್ತಿಯಲ್ಲಿ.

ಎರಡನೆಯ ಗುಂಪಿಗೆ ಉದಾಹರಣೆ ಎಸ್‌ಕ್ಯೂಲೈಟ್. ಮೊಬೈಲ್ ಫೋನುಗಳಲ್ಲೆಲ್ಲ ಬಳಕೆಯಲ್ಲಿರುವ ಈ ಡೇಟಾಬೇಸಿನೊಳಗೇ ಸಿದ್ಧವಾಗಿ ಇರುವ ಹೋಲಿಕೆಯ ಬಗೆಗಳು ಮೂರು. ಒಂದು ಬೈಟುಗಳನ್ನು ಇದ್ದ ಹಾಗೆ ಹೋಲಿಸುತ್ತದೆ. ಇನ್ನೊಂದು ಇಂಗ್ಲಿಷಿನ 26 ಅಕ್ಷರಗಳ ದೊಡ್ಡ-ಚಿಕ್ಕ ರೂಪಗಳನ್ನು ಒಂದೆಂದು ಎಣಿಸುತ್ತದೆ. ಮತ್ತೊಂದು ಪದದ ಕೊನೆಯ ಖಾಲಿ ಜಾಗವನ್ನು ಬಿಟ್ಟುಬಿಡುತ್ತದೆ. ಕನ್ನಡಕ್ಕೆ ಮೂರರಿಂದಲೂ ಸಿಗುವುದು ಕೋಡ್ ಸಂಖ್ಯೆಗಳ ಕ್ರಮ ಮಾತ್ರ.

ಈ ಕೋಡ್ ಸಂಖ್ಯೆಗಳ ಕ್ರಮವೇ ಅಕಾರಾದಿ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಸ್ವರಕ್ಕೂ ವ್ಯಂಜನಕ್ಕೂ ಗುಣಿತದ ಚಿಹ್ನೆಗೂ ಒಂದೊಂದು ಸಂಖ್ಯೆ ಇದೆ. ಅನುಸ್ವಾರ 3202, ಅ 3205, ಕ 3221, ಹ 3257, ದೀರ್ಘದ ಚಿಹ್ನೆ 3262, ಸ್ವರವನ್ನು ತೆಗೆದುಹಾಕುವ ಹಲಂತ 3277. ಅನುಸ್ವಾರ ಸ್ವರ ವ್ಯಂಜನಗಳೆಲ್ಲಕ್ಕಿಂತ ಮೊದಲಿರುವುದರಿಂದ 'ಅಂಕ' ಎಂಬುದು 'ಅಕ್ಕ' ಎಂಬುದಕ್ಕಿಂತ ಮೊದಲು ಬರುತ್ತದೆ. ವ್ಯಂಜನಗಳಾದ ಮೇಲೆ ಗುಣಿತಗಳು, ಗುಣಿತಗಳಾದ ಮೇಲೆ ಹಲಂತ ಇರುವುದರಿಂದ ಕನಸು, ಕಾಲು, ಕೆರೆ, ಕ್ಷಮೆ ಎಂಬ ಸಾಲು ತಾನಾಗಿ ಸರಿಯಾಗುತ್ತದೆ. ಶಾಲೆಯ ಗೋಡೆಯ ಮೇಲಿನ ಪಟದಲ್ಲಿ ಕ್ಷ, ಜ್ಞ ಕೊನೆಯಲ್ಲಿ ಕಂಡರೂ ನಿಘಂಟಿನಲ್ಲಿ ಕ್ಷ ಇರುವುದು ಕಕಾರದ ಕೊನೆಗೇ, ಜ್ಞ ಇರುವುದು ಜಕಾರದ ಕೊನೆಗೇ. ಅಲ್ಲಿಯೂ ಕೋಡ್ ಕ್ರಮ ತಪ್ಪುವುದಿಲ್ಲ.

ತಪ್ಪುವುದು ಳಕಾರದಲ್ಲಿ. ಕನ್ನಡ ಕಲಿತವರೆಲ್ಲರ ಬಾಯಲ್ಲಿರುವ ಕ್ರಮ ಯ ರ ಲ ವ ಶ ಷ ಸ ಹ ಳ. ಯೂನಿಕೋಡಿನಲ್ಲಿ ಲ 3250, ಳ 3251, ವ 3253. ಅಂದರೆ ಹಕಾರದ ಆಚೆಗಿರಬೇಕಾದ ಳಕಾರ ಲಕಾರದ ಮಗ್ಗುಲಿಗೆ ಬಂದು ಕುಳಿತಿದೆ. ಬಲ, ಬವಣೆ, ಬಸವ, ಬಹಳ, ಬಳೆ ಎಂಬ ಐದು ಪದಗಳನ್ನು ನಿಘಂಟು ಇದೇ ಕ್ರಮದಲ್ಲಿ ಇಡುತ್ತದೆ. ಕೋಡ್ ಸಂಖ್ಯೆಯನ್ನು ನಂಬಿದ ತಂತ್ರಾಂಶ ಬಲ, ಬಳೆ, ಬವಣೆ, ಬಸವ, ಬಹಳ ಎಂದು ಇಡುತ್ತದೆ. ಅಚ್ಚಾದ ಪದಸೂಚಿಯಲ್ಲಿ ಓದುಗ 'ಬಳೆ'ಯನ್ನು 'ಬಹಳ'ದ ಕೆಳಗೆ ಹುಡುಕುತ್ತಾನೆ. ಅಲ್ಲಿ ಕಾಣದಿದ್ದರೆ ಆ ಪದ ಪುಸ್ತಕದಲ್ಲೇ ಇಲ್ಲವೆಂದು ತಿಳಿದು ಮುಂದೆ ಹೋಗುತ್ತಾನೆ. ಪಟ್ಟಿಯಲ್ಲಿ ಸ್ಥಾನ ತಪ್ಪಿದ ಪದ ಇದ್ದೂ ಕಳೆದುಹೋದಂತೆ.

ಈ ತಪ್ಪಿನ ಹಿಂದೆ ಯಾರ ಅಸಡ್ಡೆಯೂ ಇಲ್ಲ. ಬ್ರಾಹ್ಮಿಯಿಂದ ಬಂದ ಭಾರತದ ಲಿಪಿಗಳಿಗೆಲ್ಲ ಒಂದೇ ಮನೆಗಳ ಚೌಕಟ್ಟು ಇರಲಿ, ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಪರಿವರ್ತಿಸಲು ಬರಲಿ ಎಂಬ ಉದ್ದೇಶದಿಂದ ಇಸ್ಕಿ ಎಂಬ ಭಾರತೀಯ ಸಂಕೇತ ವ್ಯವಸ್ಥೆ ರೂಪುಗೊಂಡಿತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ ಇಸ್ಕಿಯ 1988ರ ರೂಪವನ್ನು ಅನುಸರಿಸಿತು. ಆ ಚೌಕಟ್ಟಿನಲ್ಲಿ ಲಕಾರದ ಪಕ್ಕದ ಮನೆ ಳಕಾರದ್ದು. ದೇವನಾಗರಿಯಲ್ಲೂ ಹಾಗೆಯೇ, ಕನ್ನಡದಲ್ಲೂ ಹಾಗೆಯೇ. ತಮಿಳಿಗೂ ಇದೇ ಪಾಡು: ಅದರ ಸಾಂಪ್ರದಾಯಿಕ ಕ್ರಮದಲ್ಲಿ ವಕಾರದ ನಂತರ ಬರುವ ೞ, ಳ ಎರಡೂ ಯೂನಿಕೋಡಿನಲ್ಲಿ ವಕಾರಕ್ಕಿಂತ ಮೊದಲೇ ಇವೆ. ಕೋಡ್ ಸಂಖ್ಯೆ ಅಕ್ಷರದ ಗುರುತು ಮಾತ್ರ. ಮನೆಯ ನಂಬರು ಮನೆಯವರ ವಯಸ್ಸನ್ನು ಹೇಳದಂತೆ, ಅಕ್ಷರದ ಸಂಖ್ಯೆ ವರ್ಣಮಾಲೆಯಲ್ಲಿ ಅದರ ಸ್ಥಾನವನ್ನು ಹೇಳಬೇಕಾಗಿಲ್ಲ.

ಹಳಗನ್ನಡದ ೞ ಇನ್ನೂ ದೂರ ಹೋಗಿದೆ. ಅದರ ಸಂಖ್ಯೆ 3294. ಎಲ್ಲ ಗುಣಿತಗಳಿಗಿಂತ, ಹಲಂತಕ್ಕಿಂತಲೂ ಆಚೆ. ಆದ್ದರಿಂದ ಕೋಡ್ ಕ್ರಮದಲ್ಲಿ 'ಬೞಿ' ಎಂಬ ಪದ 'ಬ್ರಹ್ಮ'ನನ್ನೂ ದಾಟಿ ಬಕಾರದ ಕಟ್ಟಕಡೆಗೆ ಬೀಳುತ್ತದೆ. ಈ ಅಕ್ಷರಕ್ಕೆ ಯೂನಿಕೋಡ್ ಮೊದಲು ಕೊಟ್ಟ ಹೆಸರೂ ತಪ್ಪಾಗಿತ್ತು: ಅದನ್ನು 'ಫ' ಎಂದು ದಾಖಲಿಸಲಾಗಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ತಿದ್ದುಪಡಿಯ ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಬೇಕಾಯಿತು.

ಕಣ್ಣಿಗೆ ಕಾಣದ ತೊಡಕುಗಳೂ ಇವೆ. 'ಕೋಟೆ'ಯ ಮೊದಲ ಅಕ್ಷರವನ್ನು ಕ ಮತ್ತು ಓತ್ವದ ಒಂದೇ ಚಿಹ್ನೆಯಾಗಿ ಬರೆಯಬಹುದು. ಕ, ಎತ್ವ, ಕೊಂಬಿನ ದೀರ್ಘ, ದೀರ್ಘದ ಗೆರೆ ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡಿನ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಕೋಡ್ ನೋಡಿ ಜೋಡಿಸುವ ತಂತ್ರಾಂಶ ಎರಡನೆಯದನ್ನು 'ಕೆ' ಅಕ್ಷರದ ಪದಗಳ ಕೊನೆಗೆ ತಳ್ಳುತ್ತದೆ. 'ಬಸ್‌ಗಳು' ಎಂದು ಬರೆಯುವಾಗ ಸಕಾರ ಗಕಾರಗಳು ಒತ್ತಕ್ಷರವಾಗಿ ಬೆಸೆಯದಿರಲೆಂದು ನಡುವೆ ಒಂದು ಅದೃಶ್ಯ ಚಿಹ್ನೆ ಇರುತ್ತದೆ. ಅದರ ಸಂಖ್ಯೆ 8204. ಕನ್ನಡದ ಯಾವ ಅಕ್ಷರಕ್ಕಿಂತಲೂ ದೊಡ್ಡದು. ಹೀಗಾಗಿ 'ಬಸ್ಸು' ಪದಕ್ಕಿಂತ ಮೊದಲಿರಬೇಕಾದ 'ಬಸ್‌ಗಳು' ಅದರ ಕೆಳಗೆ ಬೀಳುತ್ತದೆ. 'ರ‍್ಯಾಂಕ್' ಪದದಲ್ಲಿ ರಕಾರವನ್ನು ಪೂರ್ಣರೂಪದಲ್ಲಿ ಉಳಿಸಲು ಬಳಸುವ 8205 ಸಂಖ್ಯೆಯ ಚಿಹ್ನೆಯೂ ಅದೇ ಕೆಲಸ ಮಾಡುತ್ತದೆ. ಫ಼ೋನ್, ಜ಼ೂ ಮುಂತಾದವುಗಳಲ್ಲಿ ಅಕ್ಷರದ ಕೆಳಗೆ ಬರುವ ನುಕ್ತಾ ಚುಕ್ಕಿಯೂ ಒಂದು ಸಂಖ್ಯೆಯೇ. ಅದನ್ನು ಎಣಿಸಿದರೆ 'ಫ಼ೋನ್' ಮತ್ತು 'ಫೋನ್' ಬೇರೆ ಬೇರೆ ಪುಟ ಸೇರುತ್ತವೆ.

ಆದ್ದರಿಂದ ಜೋಡಣೆಯ ಮೊದಲ ಹೆಜ್ಜೆ ಶುದ್ಧೀಕರಣ. ಬಿಡಿಸಿ ಬರೆದ ಗುಣಿತಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರಬೇಕು. ಎರಡು ಅದೃಶ್ಯ ಚಿಹ್ನೆಗಳನ್ನೂ ನುಕ್ತಾವನ್ನೂ ತೆಗೆಯಬೇಕು. ಇದೆಲ್ಲ ಪದದ ಪ್ರತಿಯ ಮೇಲೆ ಮಾತ್ರ ನಡೆಯಬೇಕು. ಅಚ್ಚಿಗೆ ಹೋಗುವ ಮೂಲಪದವನ್ನು ಮುಟ್ಟಬಾರದು. ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿರುವ ಹಳೆಯ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಅವುಗಳಲ್ಲಿ ಕೂಡಿಟ್ಟಿರುವುದು ಅಕ್ಷರದ ಉಚ್ಚಾರಣೆಯ ಕ್ರಮವಲ್ಲ, ಬರೆದ ಆಕಾರದ ಕ್ರಮ. 'ಸೂರ್ಯ' ಪದದ ಅರ್ಕಾವತ್ತು ಯಕಾರದ ನಂತರ ದಾಖಲಾಗಿರುತ್ತದೆ. ಆ ಕ್ರಮವನ್ನು ಹಿಡಿದು ಅಕಾರಾದಿ ಮಾಡುವುದು ಆಗದ ಮಾತು.

ಎರಡನೆಯ ಹೆಜ್ಜೆ ಕೋಷ್ಟಕ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ವರ್ಣಮಾಲೆಯ ಪ್ರಕಾರ ಒಂದು ಸ್ಥಾನಸಂಖ್ಯೆ:

ಅನುಸ್ವಾರ 1, ವಿಸರ್ಗ 2.
ಅ 3ರಿಂದ ಔ 16ರವರೆಗೆ, ೠ ಸೇರಿ ಹದಿನಾಲ್ಕು ಸ್ವರಗಳು.
ಕ 17ರಿಂದ ಮ 41ರವರೆಗೆ ಇಪ್ಪತ್ತೈದು ವರ್ಗೀಯ ವ್ಯಂಜನಗಳು.
ಯ 42, ರ 43, ಲ 44, ವ 45, ಶ 46, ಷ 47, ಸ 48, ಹ 49, ಳ 50, ೞ 51, ಱ 52.
ದೀರ್ಘದ ಚಿಹ್ನೆ 53ರಿಂದ ಔತ್ವದ ಚಿಹ್ನೆ 65ರವರೆಗೆ ಹದಿಮೂರು ಗುಣಿತಗಳು.
ಹಲಂತ 66.

ಸೊನ್ನೆಯನ್ನು ಯಾವ ಅಕ್ಷರಕ್ಕೂ ಕೊಟ್ಟಿಲ್ಲ. ಅದು ಪದ ಮುಗಿದ ಸ್ಥಳದ ಗುರುತು. 'ಕನ್ನಡ' ಎಂಬುದು 'ಕನ್ನಡಿ'ಗಿಂತ ಮೊದಲು ಬರಬೇಕಾದರೆ ಖಾಲಿ ಜಾಗ ಎಲ್ಲ ಅಕ್ಷರಗಳಿಗಿಂತ ಚಿಕ್ಕದಾಗಿರಬೇಕು.

ಈ ಕೋಷ್ಟಕದಲ್ಲಿ ಪಟ್ಟಿ ಮಾಡುವವರೇ ತೀರ್ಮಾನಿಸಬೇಕಾದ ಎರಡು ಸಂಗತಿಗಳಿವೆ. ಅನುಸ್ವಾರವನ್ನು ಮೇಲೆ ಮೊದಲಿಗೆ ಇಟ್ಟಿದೆ. ಅಂಕ, ಅಂಗಳ, ಅಂಚೆ ಮುಗಿದ ಮೇಲೆ ಅಕ್ಕ ಬರುತ್ತದೆ. ಕಾಗುಣಿತದಲ್ಲಾದರೋ ಕೌ ಆದ ಮೇಲೆ ಕಂ, ಕಃ. ಆ ಕ್ರಮ ಬೇಕೆನ್ನುವವರು ಅನುಸ್ವಾರ ವಿಸರ್ಗಗಳನ್ನು ಔತ್ವದ ನಂತರ, ಹಲಂತಕ್ಕಿಂತ ಮೊದಲು ಇಟ್ಟು ಸಂಖ್ಯೆಗಳನ್ನು ಸರಿಪಡಿಸಿಕೊಂಡರೆ ಆಯಿತು. ೞ, ಱ ಎಲ್ಲಿರಬೇಕೆಂಬುದೂ ಹಾಗೆಯೇ. ಯಾವುದನ್ನು ಆರಿಸಿದರೂ ಒಂದು ಪುಸ್ತಕದಲ್ಲಿ ಮೊದಲಿನಿಂದ ಕೊನೆಯವರೆಗೆ ಅದನ್ನೇ ಪಾಲಿಸಬೇಕು, ಮುನ್ನುಡಿಯಲ್ಲಿ ಒಂದು ವಾಕ್ಯದಲ್ಲಿ ತಿಳಿಸಬೇಕು.

ಅಕ್ಷರದ ಕೋಡ್ ಸಂಖ್ಯೆಯನ್ನು ಕೇಳುವ ಸೌಲಭ್ಯವೂ ಇಲ್ಲದ ತಂತ್ರಾಂಶದಲ್ಲಿ ಕೋಷ್ಟಕವನ್ನು ಒಂದೇ ಸಾಲಿನ ಪಠ್ಯವಾಗಿ ಬರೆಯಬಹುದು: ಮೊದಲಿಗೆ ಬೇರಾವುದೋ ಒಂದು ಗುರುತು, ಆಮೇಲೆ ಅನುಸ್ವಾರದಿಂದ ಹಲಂತದವರೆಗೆ ಸರಿಯಾದ ಕ್ರಮದಲ್ಲಿ ಎಲ್ಲ ಚಿಹ್ನೆಗಳು. ಬೇಕಾದ ಅಕ್ಷರಕ್ಕಿಂತ ಮುಂಚೆ ಆ ಸಾಲಿನಲ್ಲಿ ಎಷ್ಟು ಚಿಹ್ನೆಗಳಿವೆ ಎಂದು ಎಣಿಸಿದರೆ ಅದೇ ಸ್ಥಾನಸಂಖ್ಯೆ. ಎಕ್ಸ್‌ಪಾತ್ 1.0ರಲ್ಲಿ ಒಂದು ಗುರುತಿಗಿಂತ ಹಿಂದಿನ ಭಾಗವನ್ನು ಕತ್ತರಿಸಿ ಕೊಡುವ ಸೌಲಭ್ಯವೂ ಉದ್ದ ಅಳೆಯುವ ಸೌಲಭ್ಯವೂ ಇವೆ, ಅವೆರಡೇ ಸಾಕು. ಆರಂಭದ ಗುರುತು ಅನಗತ್ಯವೆಂದು ಬಿಡಬಾರದು. ಸಾಲಿನಲ್ಲಿ ಇಲ್ಲದ ಅಕ್ಷರಕ್ಕೆ ಬರುವ ಉತ್ತರ ಸೊನ್ನೆ. ಆ ಗುರುತು ಇಲ್ಲದಿದ್ದರೆ ಅನುಸ್ವಾರಕ್ಕೂ ಸೊನ್ನೆಯೇ ಬಂದು ಎರಡೂ ಬೆರೆತುಹೋಗುತ್ತವೆ.

ಮೂರನೆಯ ಹೆಜ್ಜೆ ಪದವನ್ನು ಸಂಖ್ಯೆಯಾಗಿಸುವುದು. ಪ್ರತಿ ಸ್ಥಾನಸಂಖ್ಯೆಗೆ ಎರಡು ಅಂಕಿಗಳ ಮನೆ ಕೊಟ್ಟು ಎಡದಿಂದ ತುಂಬುತ್ತ ಹೋಗಬೇಕು. ಉಳಿದ ಮನೆಗಳಲ್ಲಿ ಸೊನ್ನೆ. ಸ್ಪ್ರೆಡ್‌ಶೀಟಿನ ಒಂದು ಸಂಖ್ಯೆಯಲ್ಲಿ 15 ಅಂಕಿಗಳವರೆಗೆ ನಿಖರತೆ ಇರುತ್ತದೆ. ಹಾಗಾಗಿ ಒಂದು ಸಂಖ್ಯೆಯಲ್ಲಿ ಏಳು ಚಿಹ್ನೆಗಳು, ಅಂದರೆ 14 ಅಂಕಿಗಳು, ಸುರಕ್ಷಿತವಾಗಿ ಹಿಡಿಯುತ್ತವೆ. ಮೇಲಿನ ಐದು ಪದಗಳು ಹೀಗಾಗುತ್ತವೆ:

ಬಲ: 39440000000000
ಬವಣೆ: 39453160000000
ಬಸವ: 39484500000000
ಬಹಳ: 39495000000000
ಬಳೆ: 39506000000000

ಈಗ ಯಂತ್ರಕ್ಕೆ ಕನ್ನಡ ಗೊತ್ತಿರಬೇಕಾಗಿಲ್ಲ. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟರೆ ಪದಗಳು ನಿಘಂಟಿನ ಕ್ರಮಕ್ಕೆ ಬಂದು ನಿಲ್ಲುತ್ತವೆ.

ಉದ್ದದ ಪದಗಳಿಗೆ ಎರಡು ಸಂಖ್ಯೆ ಬೇಕು. 'ವಿಶ್ವವಿಖ್ಯಾತ', 'ವಿಶ್ವವಿದ್ಯಾಲಯ' ಎರಡರಲ್ಲೂ ಮೊದಲ ಏಳು ಚಿಹ್ನೆಗಳು ಒಂದೇ. ಎರಡಕ್ಕೂ ಮೊದಲ ಸಂಖ್ಯೆ 45544666454554. ವ್ಯತ್ಯಾಸ ತಿಳಿಯುವುದು ಎರಡನೆಯದರಲ್ಲಿ: ಒಂದಕ್ಕೆ 18664253320000, ಇನ್ನೊಂದಕ್ಕೆ 34664253444200. ಖಕಾರ ದಕಾರಕ್ಕಿಂತ ಮೊದಲಾದ್ದರಿಂದ ವಿಶ್ವವಿಖ್ಯಾತ ಮೊದಲು. ಮೊದಲ ಸಂಖ್ಯೆ ಸಮವಾದರೆ ಮಾತ್ರ ಎರಡನೆಯದನ್ನು ನೋಡಬೇಕೆಂಬುದು ನಿಯಮ. ಎರಡನ್ನೂ ಕೂಡಿಸಿ ಹೋಲಿಸುವುದು ತಪ್ಪು. ಟೆಕ್‌ನಲ್ಲಿ ಅತಿ ದೊಡ್ಡ ಪೂರ್ಣಾಂಕ 2147483647. ಎರಡಂಕಿಯ ಮನೆಗಳಾದರೆ ಅದರಲ್ಲಿ ನಾಲ್ಕೇ ಚಿಹ್ನೆ ಹಿಡಿಯುತ್ತವೆ. ನೂರರ ಬದಲು 67ರಿಂದ ಗುಣಿಸುತ್ತ ಹೋದರೆ ಐದು ಹಿಡಿಯುತ್ತವೆ, ಏಕೆಂದರೆ 67ರ ಐದನೆಯ ಘಾತ 1350125107.

ಸಂಖ್ಯೆಯಾಗಿಸುವಾಗ ಹಳೆಯದೊಂದು ಅಪಾಯ ನೆನಪಿರಬೇಕು. ಫೋರ್ಟ್ರಾನ್ ಕಾಲದಲ್ಲಿ ಅಕ್ಷರಗಳ ಮೊದಲ ಬಿಟ್ ಸಂಖ್ಯೆಯ ಚಿಹ್ನೆಯ ಜಾಗಕ್ಕೆ ಬಿದ್ದು ಕೆಲವು ಯಂತ್ರಗಳಲ್ಲಿ ಹೆಸರುಗಳು ಋಣಸಂಖ್ಯೆಗಳಾಗುತ್ತಿದ್ದವು. ಇಂದು ಕನ್ನಡಕ್ಕೂ ಅದೇ ಕಾದಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು. ಮೊದಲನೆಯದು ಯಾವಾಗಲೂ 224. ಬೈಟನ್ನು ಋಣ-ಧನ ಸಹಿತವಾಗಿ ಓದುವ ವ್ಯವಸ್ಥೆಯಲ್ಲಿ ಅದು -32 ಆಗುತ್ತದೆ. ಕನ್ನಡ ಪದಗಳೆಲ್ಲ ಇಂಗ್ಲಿಷ್ ಪದಗಳಿಗಿಂತ ಮೇಲೆ ಹಾರುತ್ತವೆ. ಬೈಟುಗಳನ್ನಲ್ಲ, ಕೋಷ್ಟಕದ ಸ್ಥಾನಸಂಖ್ಯೆಗಳನ್ನು ಹೋಲಿಸಿದರೆ ಈ ತೊಂದರೆ ಬರುವುದೇ ಇಲ್ಲ.

ನಾಲ್ಕನೆಯ ಹೆಜ್ಜೆ ಜೋಡಣೆ. ಸಂಖ್ಯೆಗಳನ್ನು ಹೋಲಿಸಲು ಬರುವುದಾದರೆ ಯಾವ ಪರಿಚಿತ ವಿಧಾನವಾದರೂ ಆಗುತ್ತದೆ. ಇಸ್ಪೀಟು ಎಲೆಗಳನ್ನು ಕೈಯಲ್ಲಿ ಜೋಡಿಸಿದಂತೆ ಒಂದೊಂದೇ ಪದವನ್ನು ಅದರ ಸ್ಥಾನಕ್ಕೆ ಸೇರಿಸುತ್ತ ಹೋಗುವ ವಿಧಾನ ಚಿಕ್ಕ ಪಟ್ಟಿಗೆ ಸಾಕು. 1000 ಪದಗಳಾದರೆ ಅದಕ್ಕೆ ಹೆಚ್ಚೆಂದರೆ 499500 ಹೋಲಿಕೆಗಳು ಬೇಕಾಗುತ್ತವೆ. ಪಟ್ಟಿಯನ್ನು ಅರ್ಧರ್ಧ ಮಾಡಿ ಜೋಡಿಸಿ ಕೂಡಿಸುವ ವಿಧಾನಕ್ಕೆ ಸುಮಾರು 10000 ಸಾಕು.

ಹೋಲಿಕೆಯೇ ಇಲ್ಲದೆ ಜೋಡಿಸುವ ದಾರಿಯೂ ಇದೆ. ರಂಧ್ರ ಹೊಡೆದ ಕಾರ್ಡುಗಳನ್ನು ಬೇರ್ಪಡಿಸುತ್ತಿದ್ದ ಹಳೆಯ ಯಂತ್ರಗಳು ಅದನ್ನೇ ಬಳಸಿದವು. ಅಂಚೆ ಕಚೇರಿಯ ಗೂಡುಗಳಂತೆ 0ರಿಂದ 66ರವರೆಗೆ ಗೂಡುಗಳನ್ನು ಇಟ್ಟುಕೊಂಡು, ಪದದ ಕೊನೆಯ ಮನೆಯಿಂದ ಶುರುಮಾಡಿ ಮೊದಲ ಮನೆಯವರೆಗೆ ಒಂದೊಂದು ಸುತ್ತು ಹಂಚುವುದು. ಬಳೆ, ಕಳೆ, ಬಲ, ಕಲೆ ಎಂಬ ನಾಲ್ಕು ಪದಗಳನ್ನು ನೋಡಬಹುದು. ಮೂರನೆಯ ಮನೆಯ ಪ್ರಕಾರ ಹಂಚಿದಾಗ ಬಲ ಸೊನ್ನೆಯ ಗೂಡಿಗೆ, ಉಳಿದ ಮೂರು ಎತ್ವದ ಗೂಡಿಗೆ ಹೋಗುತ್ತವೆ: ಬಲ, ಬಳೆ, ಕಳೆ, ಕಲೆ. ಎರಡನೆಯ ಮನೆಯ ಪ್ರಕಾರ ಲಕಾರದವು ಮೊದಲು, ಳಕಾರದವು ನಂತರ: ಬಲ, ಕಲೆ, ಬಳೆ, ಕಳೆ. ಮೊದಲ ಮನೆಯ ಪ್ರಕಾರ ಕಕಾರದವು, ಆಮೇಲೆ ಬಕಾರದವು: ಕಲೆ, ಕಳೆ, ಬಲ, ಬಳೆ. ಒಮ್ಮೆಯೂ 'ಯಾವುದು ದೊಡ್ಡದು' ಎಂದು ಕೇಳದೆ ಪಟ್ಟಿ ಸಿದ್ಧವಾಯಿತು. ಗೂಡಿಗೆ ಹೋದ ಕ್ರಮದಲ್ಲೇ ಪದಗಳನ್ನು ಹೊರತೆಗೆಯಬೇಕು. ಹಿಂದುಮುಂದಾದರೆ ಹಿಂದಿನ ಸುತ್ತುಗಳ ಶ್ರಮ ವ್ಯರ್ಥವಾಗುತ್ತದೆ.

ಎಸ್‌ಕ್ಯೂಲೈಟಿನಂಥ ಡೇಟಾಬೇಸಿನಲ್ಲಿ ಈ ಯಾವ ಸುತ್ತೂ ಬೇಕಿಲ್ಲ. ಪದದ ಕಾಲಮಿನ ಪಕ್ಕದಲ್ಲಿ ಜೋಡಣೆಯ ಸಂಖ್ಯೆಗೆ ಇನ್ನೊಂದು ಕಾಲಮು ಇಟ್ಟು, ಪದ ಸೇರಿಸಿದಾಗಲೇ ಅದನ್ನು ಲೆಕ್ಕಹಾಕಿ ತುಂಬಿ, ಪಟ್ಟಿ ಕೇಳುವಾಗ ಆ ಕಾಲಮಿನ ಕ್ರಮದಲ್ಲಿ ಕೇಳಿದರೆ ಸಾಕು. ಎರಡು ಪದಗಳ ಸಂಖ್ಯೆ ಪೂರ್ತಿ ಸಮವಾಗಿದ್ದರೆ, ಉದಾಹರಣೆಗೆ ಫ಼ೋನ್ ಮತ್ತು ಫೋನ್, ಮೂಲಪದದ ಕೋಡ್ ಕ್ರಮವನ್ನು ಕೊನೆಯ ತೀರ್ಪಾಗಿ ಇಟ್ಟುಕೊಳ್ಳಬಹುದು. ಆಗ ಪ್ರತಿ ಸಲವೂ ಪಟ್ಟಿ ಒಂದೇ ರೀತಿ ಬರುತ್ತದೆ. ಎರಡು ಪದಗಳ ಹೆಸರುಗಳಿರುವ ಪಟ್ಟಿಯಲ್ಲಿ ನಡುವಿನ ತೆರಪಿಗೆ 1 ಕೊಟ್ಟು ಉಳಿದೆಲ್ಲವನ್ನೂ ಒಂದೊಂದು ಮುಂದಕ್ಕೆ ದೂಡಬೇಕು.

ಭಾಷೆಗೆ ತಕ್ಕಂತೆ ಹೋಲಿಸುವ ವ್ಯವಸ್ಥೆ ಇರುವಲ್ಲಿ ಅದನ್ನೇ ಬಳಸುವುದು ಮೇಲು. ಯೂನಿಕೋಡ್ ಸಂಸ್ಥೆಯೇ ಹೋಲಿಕೆಯ ಕ್ರಮವಿಧಿಯೊಂದನ್ನು ರೂಪಿಸಿದೆ; ಭಾಷೆಭಾಷೆಯ ನಿಯಮಗಳನ್ನು ಒಂದು ಸಾಮಾನ್ಯ ಭಂಡಾರದಲ್ಲಿ ಇಟ್ಟಿದೆ, ಕನ್ನಡದ್ದೂ ಅಲ್ಲಿದೆ. ಅದು ಕೂಡ ಮೂಲತಃ ಇಲ್ಲಿ ಹೇಳಿದ ದಾರಿಯಲ್ಲೇ ನಡೆಯುತ್ತದೆ: ಅಕ್ಷರಕ್ಕೆ ಸ್ಥಾನಸಂಖ್ಯೆ, ಪದಕ್ಕೆ ಸಂಖ್ಯೆಗಳ ಸಾಲು, ಸಾಲುಗಳ ಹೋಲಿಕೆ.

ಯಾವ ವಿಧಾನ ಬಳಸಿದರೂ ಪಟ್ಟಿಯನ್ನು ಅಚ್ಚಿಗೆ ಕಳಿಸುವ ಮೊದಲು ಒಂದು ಪರೀಕ್ಷೆ ಇರಲಿ. ಈ ಹನ್ನೆರಡು ಪದಗಳನ್ನು ಕಲಸಿ ತಂತ್ರಾಂಶಕ್ಕೆ ಕೊಟ್ಟರೆ ಮೇಲಿನ ಕೋಷ್ಟಕದ ಪ್ರಕಾರ ಅವು ಇದೇ ಕ್ರಮದಲ್ಲಿ ಮರಳಿ ಬರಬೇಕು: ಅಂಕ, ಅಕ್ಕ, ಕಂಬ, ಕನಸು, ಕನ್ನಡ, ಕನ್ನಡಿ, ಕಳೆ, ಕೆರೆ, ಕೋಟೆ, ಕ್ಷಮೆ, ಬಹಳ, ಬಳೆ. 'ಕೋಟೆ'ಯನ್ನು ಬಿಡಿಸಿದ ರೂಪದಲ್ಲೂ ಒಮ್ಮೆ ಕೊಡಬೇಕು. ಮೊದಲೆರಡು ತಿರುವುಮುರುವಾದರೆ ಅನುಸ್ವಾರವನ್ನು ಪಟ್ಟಿಯ ಮೊದಲಿಗೆ ಇಟ್ಟಿಲ್ಲವೆಂದು ಅರ್ಥ. 'ಕನ್ನಡಿ' ಎಂಬುದು 'ಕನ್ನಡ'ಕ್ಕಿಂತ ಮೊದಲು ಬಂದರೆ ಪದದ ಅಂತ್ಯಕ್ಕೆ ಸೊನ್ನೆ ಕೊಟ್ಟಿಲ್ಲ. ಬಿಡಿಸಿದ 'ಕೋಟೆ'ಗೂ ಕೂಡಿಸಿದ 'ಕೋಟೆ'ಗೂ ಒಂದೇ ಜೋಡಣೆಯ ಸಂಖ್ಯೆ ಬರದಿದ್ದರೆ ಶುದ್ಧೀಕರಣ ನಡೆದಿಲ್ಲ. 'ಬಳೆ' ಎಂಬುದು 'ಬಹಳ'ಕ್ಕಿಂತ ಮೇಲಿದ್ದರೆ ತಂತ್ರಾಂಶ ಇನ್ನೂ ಕೋಡ್ ಸಂಖ್ಯೆಯನ್ನೇ ನಂಬಿಕೊಂಡಿದೆ. ಈ ಕೊನೆಯ ತಪ್ಪು ಎಲ್ಲಕ್ಕಿಂತ ಹೆಚ್ಚು ಕಾಣಸಿಗುವಂಥದ್ದು. ಅದನ್ನು ತಿದ್ದಲು ಕೋಷ್ಟಕದಲ್ಲಿ ಒಂದೇ ಒಂದು ಅಕ್ಷರವನ್ನು ಅದರ ಸ್ಥಾನಕ್ಕೆ ಮರಳಿಸಿದರೆ ಸಾಕು.

ಇತಿ,
ಕನ್ನಡ ಅಕಾರಾದಿಯನ್ನು ನಂಬಿ ಪದ ಹುಡುಕುವ ಓದುಗರ ಪರವಾಗಿ